ಗರಿ ಕಟ್ಟುವ ಮುನ್ನ: ಬೆಳಗಾವಿ–ಖಾನಾಪುರ ಸೀಮೆಯ ಬಿದಿರ ಬಾಣ ಮತ್ತು ಬರಿಗೋಲಿನ ಪರೀಕ್ಷೆ

ಸಾರಾಂಶ

ಒಂದೇ ಬಿಲ್ಲಿನಿಂದ ಗರಿ ಕಟ್ಟಿದ ಬಾಣಗಳನ್ನೂ ಗರಿಯಿಲ್ಲದ ಕೋಲುಗಳನ್ನೂ ಬಿಟ್ಟು, ಎರಡೂ ನೆಟ್ಟ ಜಾಗಗಳ ನಡುವಿನ ಅಂತರದಿಂದ ಬಾಣದ ಹದವನ್ನು ಅಳೆಯುವ ಕ್ರಮ ಇಂದಿನ ಬಿಲ್ಲುಗಾರರಲ್ಲಿ ರೂಢಿಯಲ್ಲಿದೆ. ಇದನ್ನು ಇತಿಹಾಸ ಸಂಶೋಧನೆಯ ಸಾಧನವಾಗಿಯೂ ಬಳಸಬಹುದು ಎಂಬುದು ಈ ಲೇಖನದ ವಾದ. ಶಿಲ್ಪದಿಂದ ಬಿಲ್ಲಿನ ಆಕಾರ ಸಿಗುತ್ತದೆ, ಗ್ರಂಥದಿಂದ ಬಾಣದ ಅಳತೆ ಸಿಗುತ್ತದೆ. ಬಾಣದ ಕೋಲು ಎಷ್ಟು ಬಿಗಿಯಾಗಿತ್ತು ಎಂಬುದನ್ನು ಮಾತ್ರ ಇವೆರಡೂ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಬೆಳಗಾವಿ–ಖಾನಾಪುರ ಸೀಮೆಯ ಬಿದಿರನ್ನು ಮುಂದಿಟ್ಟುಕೊಂಡು ಒಂದು ವಿಧಾನವನ್ನು ಇಲ್ಲಿ ರೂಪಿಸಲಾಗಿದೆ.

1. ಉಳಿದದ್ದು, ಅಳಿದದ್ದು

ಖಾನಾಪುರ ತಾಲ್ಲೂಕಿನ ಹಲಸಿ ಬನವಾಸಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ರಾಜನಗರ. ಮುಂದೆ ಗೋವೆಯ ಕದಂಬರಿಗೂ ಅದು ಮುಖ್ಯ ನೆಲೆಯಾಯಿತು. 13ನೆಯ ಶತಮಾನದ ಆರಂಭದಲ್ಲಿ ರಟ್ಟರು ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ ಆಳುತ್ತಿದ್ದರು. ಕೋಟೆಯೊಳಗಿನ ಕಮಲ ಬಸದಿ ಆ ಕಾಲದ್ದು. ಗಡಿಕಾಳಗ, ತುರುಗೊಳ್, ಊರಳಿವುಗಳ ಆ ಶತಮಾನಗಳಲ್ಲಿ ಬಿಲ್ಲು ಮುಖ್ಯ ಆಯುಧವಾಗಿತ್ತು ಎಂಬುದಕ್ಕೆ ಕನ್ನಡ ನಾಡಿನ ವೀರಗಲ್ಲುಗಳೇ ಸಾಕ್ಷಿ. ಹೆದೆ ಎಳೆದು ನಿಂತ ವೀರ, ಅವನ ಬೆನ್ನಿನ ಬತ್ತಳಿಕೆ, ಎದುರಾಳಿಯ ಮೈಗೆ ನೆಟ್ಟ ಸರಳುಗಳು ಅವುಗಳ ಕೆಳಪಟ್ಟಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ.

ಶಿಲ್ಪಿಗೆ ಬಿಲ್ಲಿನ ಬಾಗು, ವೀರನ ನಿಲುವು, ಎಳೆತದ ಉದ್ದ ಮುಖ್ಯ. ಕೋಲು ಎಷ್ಟು ಬಾಗುತ್ತಿತ್ತು ಎಂಬುದನ್ನು ಕಲ್ಲಿನಲ್ಲಿ ತೋರಿಸುವ ದಾರಿಯೇ ಇಲ್ಲ. ಉತ್ಖನನದಲ್ಲಿ ಸಿಗುವುದು ಬಾಣದ ಕಬ್ಬಿಣದ ಅಲಗು ಮಾತ್ರ. ಮಲೆನಾಡಿನ ಅಂಚಿನ ತೇವದ ಮಣ್ಣಿನಲ್ಲಿ ಬಿದಿರು, ಗರಿ, ನಾರು, ಅಂಟು ಉಳಿಯುವುದಿಲ್ಲ. ಬಾಣದ ನಡತೆಯನ್ನು ನಿರ್ಧರಿಸುವ ಭಾಗವೇ ಹೀಗೆ ನಮ್ಮ ಕೈತಪ್ಪಿದೆ. ಪ್ರತಿಕೃತಿ ಮಾಡಹೊರಟವರು ಅಲಗನ್ನು ಕಮ್ಮಾರನಿಂದ ಅಚ್ಚುಕಟ್ಟಾಗಿ ಮಾಡಿಸಿ, ಕೋಲನ್ನು ಮಾತ್ರ ಕೈಗೆ ಸಿಕ್ಕಂತೆ ಆರಿಸಿದರೆ ಆ ಪ್ರಯೋಗದ ಫಲಿತವನ್ನು ನಂಬುವಂತಿಲ್ಲ.

2. ಶಾಸ್ತ್ರಗ್ರಂಥಗಳ ಅಳತೆ

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದಕ್ಕೂ ಬೇಟೆಗೂ ಪ್ರತ್ಯೇಕ ಪ್ರಕರಣಗಳಿವೆ. 12ನೆಯ ಶತಮಾನದ ಈ ಗ್ರಂಥದ ಕಾಲಕ್ಕೆ ಬೆಳಗಾವಿ ಸೀಮೆಯೂ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಬಾಣದ ಕೋಲಿನ ಬಗ್ಗೆ ಇನ್ನಷ್ಟು ಬಿಡಿಸಿ ಹೇಳುವುದು ಧನುರ್ವೇದ ಪರಂಪರೆ. ವಾಸಿಷ್ಠ ಧನುರ್ವೇದ ಸಂಹಿತೆಯ ಪ್ರಕಾರ ಕೋಲು ಗಟ್ಟಿಯಾಗಿ, ದುಂಡಗೆ ಇರಬೇಕು. ಒಳ್ಳೆಯ ನೆಲದಲ್ಲಿ ಬೆಳೆದು, ಬಲಿತು ಬಿಳಿಚಿದ್ದಿರಬೇಕು. ಸಕಾಲದಲ್ಲಿ ಕಡಿದು ತಂದದ್ದಾಗಿರಬೇಕು. ಉದ್ದ ಎರಡು ಹಸ್ತಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಒಂದೊಂದು ಬಾಣಕ್ಕೆ ನಾಲ್ಕು ಗರಿ, ಗರಿಯ ಉದ್ದ ಆರು ಅಂಗುಲ. ಕೊಂಬಿನ ಬಿಲ್ಲಿನ ಬಾಣಕ್ಕಾದರೆ ಹತ್ತು ಅಂಗುಲ.

ಅಂಗುಲವನ್ನು ಸುಮಾರು 1.9 ಸೆಂ.ಮೀ. ಎಂದು ಹಿಡಿದರೆ ಎರಡು ಹಸ್ತಕ್ಕೆ, ಅಂದರೆ 48 ಅಂಗುಲಕ್ಕೆ, 91 ಸೆಂ.ಮೀ. ಆಗುತ್ತದೆ. ಮುಷ್ಟಿಗೆ 8 ಸೆಂ.ಮೀ. ಕಳೆದರೆ ಕೋಲಿನ ಉದ್ದ ಸುಮಾರು 83 ಸೆಂ.ಮೀ. ಇಷ್ಟರಿಂದಲೇ ಬಾಣವನ್ನು ಮರುಸೃಷ್ಟಿಸಬಹುದೆಂದು ತೋರಬಹುದು. ಆದರೆ ಕಿರುಬೆರಳು ಎಂದರೆ 10 ಮಿ.ಮೀ.ಯೋ 12 ಮಿ.ಮೀ.ಯೋ? ಒಂದೇ ವಸ್ತುವಿನ ದುಂಡು ಕೋಲಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. ಆದ್ದರಿಂದ 10ರಿಂದ 12 ಮಿ.ಮೀ.ಗೆ ಹೋದರೆ ಬಿಗಿತ ಎರಡು ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಬಾಗುವಿಕೆ ಉದ್ದದ ಮೂರನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ, 80 ಸೆಂ.ಮೀ. ಬದಲು 85 ಸೆಂ.ಮೀ. ಇಟ್ಟರೆ ಬಾಗುವಿಕೆ ಶೇ. 20ರಷ್ಟು ಏರುತ್ತದೆ. ಎರಡೂ ಕೋಲುಗಳು ಗ್ರಂಥದ ಅಳತೆಗೆ ಸರಿಯಾಗಿಯೇ ಇವೆ, ಆದರೂ ಒಂದೇ ಬಿಲ್ಲಿನಿಂದ ಅವು ಬೇರೆ ಬೇರೆ ಕಡೆಗೆ ಹೋಗುತ್ತವೆ. ಗ್ರಂಥವನ್ನು ಇಲ್ಲಿ ತಪ್ಪು ಎನ್ನುವಂತಿಲ್ಲ. ಅದು ಗುರುವಿನ ಎದುರು ನಿಂತು ಕಲಿಯುವವನಿಗೆ ಬರೆದದ್ದು. ಕೊನೆಯ ಹದವನ್ನು ಗುರುವಿನ ಕಣ್ಣು ನೋಡಿಕೊಳ್ಳುತ್ತಿತ್ತು.

ಅದೇ ಪರಂಪರೆ ಬಾಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಮುಂಭಾಗ ದಪ್ಪವಾದದ್ದು ಸ್ತ್ರೀ, ಹಿಂಭಾಗ ದಪ್ಪವಾದದ್ದು ಪುರುಷ, ಉದ್ದಕ್ಕೂ ಸಮವಾದದ್ದು ನಪುಂಸಕ. ಮೊದಲನೆಯದು ದೂರ ಹೋಗಲು, ಎರಡನೆಯದು ಬಲವಾಗಿ ಭೇದಿಸಲು, ಮೂರನೆಯದು ಗುರಿ ಹೊಡೆಯಲು. ಹೆಸರುಗಳನ್ನು ಬದಿಗಿಟ್ಟು ನೋಡಿದರೆ ಇದು ಕೋಲಿನ ತೂಕವೂ ಬಿಗಿತವೂ ಎಲ್ಲಿ ಹಂಚಿಕೆಯಾಗಿವೆ ಎಂಬುದರ ವಿಂಗಡಣೆ. ಗರಿಗೂ ಮೊದಲು ಕೋಲನ್ನೇ ಪರೀಕ್ಷಿಸುವ ದೃಷ್ಟಿ ಆ ಪರಂಪರೆಗೆ ಇತ್ತೆಂಬುದು ಇದರಿಂದ ಸ್ಪಷ್ಟ.

3. ಬಾಣ ಬಿಲ್ಲನ್ನು ದಾಟುವ ಬಗೆ

ಹಳೆಯ ಮಾದರಿಯ ಬಿಲ್ಲಿನ ಹಿಡಿಯಲ್ಲಿ ಬಾಣಕ್ಕೆಂದು ಕೊರೆದ ಜಾಗವಿಲ್ಲ. ಬಾಣ ಹಿಡಿಯ ಪಕ್ಕಕ್ಕೆ ತಾಗಿ ಕೂರುತ್ತದೆ. ಹೆದೆ ಹಿಡಿಯ ನಟ್ಟನಡುವಿನತ್ತ ಧಾವಿಸುತ್ತದೆ. ಹಿಡಿಯ ಅರ್ಧ ಅಗಲ 15 ಮಿ.ಮೀ., ಕೋಲಿನ ಅರ್ಧ ವ್ಯಾಸ 4 ಮಿ.ಮೀ. ಎಂದಿಟ್ಟುಕೊಳ್ಳೋಣ. ಪೂರ್ತಿ ಎಳೆದಾಗ, ಅಂದರೆ ಹೆದೆ ಹಿಡಿಯಿಂದ 70 ಸೆಂ.ಮೀ. ದೂರದಲ್ಲಿರುವಾಗ, ಬಾಣ ನಡುರೇಖೆಯಿಂದ ಸುಮಾರು ಒಂದೂವರೆ ಡಿಗ್ರಿ ಓರೆಯಾಗಿರುತ್ತದೆ. ಹೆದೆ ತನ್ನ ವಿಶ್ರಾಂತಿಯ ಜಾಗಕ್ಕೆ, ಹಿಡಿಯಿಂದ 16 ಸೆಂ.ಮೀ. ಅಂತರಕ್ಕೆ, ಬರುವ ಹೊತ್ತಿಗೆ ಆ ಓರೆ ಸುಮಾರು ಏಳು ಡಿಗ್ರಿಗೆ ಏರಬೇಕು. ಕೋಲು ಬಾಗದ ಸಲಾಕೆಯಾಗಿದ್ದರೆ ಬಾಣ ಪಕ್ಕಕ್ಕೆ ಸಿಡಿಯುತ್ತಿತ್ತು. ಹಾಗಾಗದಿರಲು ಕಾರಣ ಕೋಲಿನ ಬಳುಕು. ಹೆದೆಯ ನೂಕಿಗೆ ಅದು ಬಾಗಿ, ಮತ್ತೆ ಎದುರು ದಿಕ್ಕಿಗೆ ಬಾಗಿ, ಹಿಡಿಯನ್ನು ಬಳಸಿಕೊಂಡು ದಾಟುತ್ತದೆ. 1930ರ ದಶಕದಲ್ಲಿ ಅಮೆರಿಕದ ಹಿಕ್‌ಮನ್, ಕ್ಲಾಪ್‌ಸ್ಟೆಗ್ ಮೊದಲಾದ ವಿಜ್ಞಾನಿಗಳು ಬಿಲ್ಲುವಿದ್ಯೆಯನ್ನು ಭೌತಶಾಸ್ತ್ರದ ವಿಷಯವಾಗಿ ಎತ್ತಿಕೊಂಡಾಗ ಅತಿವೇಗದ ಛಾಯಾಚಿತ್ರಗಳು ಈ ಬಳುಕನ್ನು ಕಣ್ಣಿಗೆ ಕಾಣಿಸಿದವು.

ಬಳುಕಿನ ವೇಗ ಬಿಲ್ಲಿನ ಬಲಕ್ಕೆ ಹೊಂದಬೇಕು. ಕೋಲು ಅತಿ ಬಿಗಿಯಾದರೆ ಹಿಡಿಗೆ ಬಡಿದು ಹೊರಕ್ಕೆ ಸರಿಯುತ್ತದೆ, ಅತಿ ಮೆದುವಾದರೆ ಹಿಡಿಯ ಕಡೆಗೆ ಒಲೆಯುತ್ತದೆ. ಗರಿ ಇದ್ದಾಗ ಈ ದೋಷ ಬೇಗ ಅಡಗುತ್ತದೆ. ಹಿಂಭಾಗಕ್ಕೆ ತಗಲುವ ಗಾಳಿ ಬಾಣವನ್ನು ದಾರಿಗೆ ತರುತ್ತದೆ. ಗ್ರಂಥದ ಆರಂಗುಲದ ನಾಲ್ಕು ಗರಿಗಳನ್ನು ಕೂಡಿದರೆ ಸುಮಾರು 45 ಸೆಂ.ಮೀ. ಗರಿಯಾಯಿತು. ಅಷ್ಟು ಗರಿ ಹೊತ್ತ ಬಾಣ ಹದ ತಪ್ಪಿದ್ದರೂ ಬಹುಮಟ್ಟಿಗೆ ಗುರಿ ಮುಟ್ಟುತ್ತದೆ, ವೇಗವನ್ನು ಮಾತ್ರ ಕಳೆದುಕೊಳ್ಳುತ್ತದೆ. ಗರಿಸಹಿತ ಪ್ರತಿಕೃತಿಯೊಂದು ಗುರಿಗೆ ನೆಟ್ಟಿತೆಂಬ ಕಾರಣಕ್ಕೆ ಅದರ ಕೋಲು ಸರಿಯಾದದ್ದೆಂದು ತೀರ್ಮಾನಿಸಲು ಆಗದಿರುವುದು ಇದರಿಂದಲೇ.

4. ಖಾನಾಪುರದ ಬಿದಿರು

ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಜಾಂಬೋಟಿ, ಲೋಂಡಾವರೆಗಿನ ಪಟ್ಟಿ ಸಹ್ಯಾದ್ರಿಯ ಮಳೆಕಾಡು. ಪೂರ್ವಕ್ಕೆ ಸರಿದಂತೆ ಮಳೆ ಇಳಿದು, ಬೆಳಗಾವಿ ದಾಟಿದರೆ ಬಯಲುಸೀಮೆ ಶುರುವಾಗುತ್ತದೆ. ಬಾಣದ ಕೋಲಿಗೆ ದೊಡ್ಡ ಮುಳ್ಳುಬಿದಿರಿಗಿಂತ ಗಂಡುಬಿದಿರು, ಅಂದರೆ ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್, ಹೆಚ್ಚು ಒಪ್ಪುತ್ತದೆ. ಅದರ ಒಳಗು ಹೆಚ್ಚುಕಡಿಮೆ ಗಟ್ಟಿ. ಮೂರು ವರ್ಷ ಬಲಿತ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿದರೆ ಅದರಲ್ಲಿ ಪಿಷ್ಟದ ಅಂಶ ಕಡಿಮೆಯಿದ್ದು ಹುಳುವಿನ ಕಾಟ ತಗ್ಗುತ್ತದೆ. ಬಲಿತದ್ದನ್ನೇ ಸಕಾಲದಲ್ಲಿ ತರಬೇಕೆಂಬ ಧನುರ್ವೇದದ ಮಾತಿಗೂ ಬಿದಿರು ಕೆಲಸದ ಮೇದಾರರ ಅನುಭವಕ್ಕೂ ಇಲ್ಲಿ ವ್ಯತ್ಯಾಸವಿಲ್ಲ.

ಒಂದು ಕೋಲನ್ನು ಕೈಗೆತ್ತಿಕೊಂಡು ನೋಡೋಣ. ಅದರಲ್ಲಿ ಮೂರೋ ನಾಲ್ಕೋ ಗೆಣ್ಣು, ಪ್ರತಿ ಗೆಣ್ಣಿನಲ್ಲೂ ಒಂದು ಸಣ್ಣ ಸೊಟ್ಟು. ಕೆಂಡದ ಮೇಲೆ ಹದವಾಗಿ ಕಾಯಿಸಿ, ಬಿಸಿಯಿರುವಾಗಲೇ ಒತ್ತಿ ಹಿಡಿದು, ಆರುವ ತನಕ ಬಿಡದೆ ನೇರ ಮಾಡಬೇಕು. ಈ ಹಂತದಲ್ಲಿ ಗೆಣ್ಣಿನ ಉಬ್ಬನ್ನು ಮಾತ್ರ ಹೆರೆಯಬೇಕು, ನಡುವಿನ ಸಿಪ್ಪೆಯನ್ನು ಮುಟ್ಟಬಾರದು. ಬಿದಿರಿನ ಗಟ್ಟಿ ನಾರುಗಳು ಹೊರಪದರದಲ್ಲೇ ಒತ್ತಾಗಿವೆ. 10 ಮಿ.ಮೀ. ಕೋಲನ್ನು 9.8 ಮಿ.ಮೀ.ಗೆ ಇಳಿಸಿದರೆ ಲೆಕ್ಕದ ಪ್ರಕಾರ ಬಿಗಿತ ಶೇ. 8ರಷ್ಟು ಇಳಿಯುತ್ತದೆ, ಬಿದಿರಿನಲ್ಲಿ ಇಳಿತ ಅದಕ್ಕಿಂತಲೂ ಹೆಚ್ಚು. ಬಳಿಕ ಕೋಲನ್ನು 66 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವಿಗೆ 907 ಗ್ರಾಂ ತೂಗುಹಾಕಿ ಬಾಗುವಿಕೆಯನ್ನು ಅಳೆಯಬೇಕು. 26 ಇಂಚಿನ ಅಂತರ, ಎರಡು ಪೌಂಡ್ ತೂಕದ ಹಳೆಯ ಸ್ಪೈನ್ (ಕೋಲಿನ ಬಿಗಿತ) ಮಾಪನ ಇದೇ: ಬಾಗುವಿಕೆ 0.52 ಇಂಚು ಬಂದರೆ 26ನ್ನು ಅದರಿಂದ ಭಾಗಿಸಿ, ಕೋಲು 50 ಪೌಂಡ್ ವರ್ಗದ್ದೆನ್ನುತ್ತಾರೆ. ಬಿದಿರು ಎಲ್ಲ ಮಗ್ಗುಲಲ್ಲೂ ಒಂದೇ ಸಮ ಬಾಗುವುದಿಲ್ಲ. ಕಾಲು ಸುತ್ತು ತಿರುಗಿಸುತ್ತ ಅಳೆದು, ಹೆಚ್ಚು ಬಿಗಿಯಾದ ಮಗ್ಗುಲನ್ನು ಗುರುತಿಸಿ, ಅದು ಸದಾ ಬಿಲ್ಲಿನ ಕಡೆಗೇ ಬರುವಂತೆ ಹೆದೆಯ ಕಚ್ಚನ್ನು ಕೊರೆಯಬೇಕು.

ತೇವ ಹೀರಿದ ಬಿದಿರು ಮೆದುವಾಗುತ್ತದೆ. ಆದ್ದರಿಂದ ಆಷಾಢದಲ್ಲಿ ಖಾನಾಪುರದಲ್ಲಿ ಅಳೆದದ್ದಕ್ಕೂ ಚೈತ್ರದಲ್ಲಿ ಬೆಳಗಾವಿಯಲ್ಲಿ ಅಳೆದದ್ದಕ್ಕೂ ತಾಳೆಯಾಗಬೇಕೆಂದು ನಿರೀಕ್ಷಿಸಬಾರದು. ಪ್ರತಿ ದಾಖಲೆಯಲ್ಲೂ ಋತು ಮತ್ತು ಗಾಳಿಯ ತೇವಾಂಶ ನಮೂದಾಗಬೇಕು. ಸಾಮಗ್ರಿ ತರುವಾಗ ಕಾನೂನನ್ನೂ ಗಮನಿಸಬೇಕು. ಇದೇ ಸೀಮೆಯ ಭೀಮಗಡ ಕಾಡು 2011ರಿಂದ ವನ್ಯಜೀವಿಧಾಮ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಿಂದ ಹೊರಬಂದಿದೆ. ಸಂಶೋಧಕರು ಖಾಸಗಿ ಹಿಡುವಳಿಯ ಬಿದಿರನ್ನೇ ಬಳಸುವುದು ಸರಿ. ಗ್ರಂಥ ಹೇಳುವ ರಣಹದ್ದು, ಕ್ರೌಂಚಗಳ ಗರಿಯ ಆಸೆಯನ್ನು ಬಿಡಬೇಕು. ಹೋಲಿಕೆಯ ಬಾಣಗಳಿಗೆ ಸಾಕಿದ ಟರ್ಕಿ ಕೋಳಿಯ ಗರಿ ಸಾಕು.

5. ಬರಿಗೋಲಿನ ಪರೀಕ್ಷೆ

ಒಂದೇ ಬಿಗಿತ, ಉದ್ದ, ತೂಕದ ಆರು ಕೋಲುಗಳನ್ನು ಆರಿಸಿ ಮೂರಕ್ಕೆ ಗರಿ ಕಟ್ಟಬೇಕು. ಉಳಿದ ಮೂರರ ಹಿಂಭಾಗಕ್ಕೆ ಗರಿಯಷ್ಟೇ ತೂಕದ ಪಟ್ಟಿ ಸುತ್ತಬೇಕು, ಇಲ್ಲದಿದ್ದರೆ ತೂಕದ ನಡುವೇ ಸರಿದುಹೋಗುತ್ತದೆ. ಅಲಗು ಎಲ್ಲದಕ್ಕೂ ಒಂದೇ ತೂಕದ್ದಿರಬೇಕು. ಪ್ರತಿ ಸಲ ಬಿಡುವ ಮೊದಲು ಕೋಲನ್ನು ಬಗ್ಗಿಸಿ ಸೀಳು ಬಿಟ್ಟಿದೆಯೇ ಎಂದು ನೋಡುವುದು ಕಡ್ಡಾಯ. ಸೀಳಿದ ಬಿದಿರು ಹೆದೆಯ ಹೊಡೆತಕ್ಕೆ ಮುರಿದು ಬಿಲ್ಲು ಹಿಡಿದ ಕೈಗೇ ನೆಡುತ್ತದೆ. ಹತ್ತು ಮೀಟರಿನಲ್ಲಿ ಶುರುಮಾಡಿ, ಗರಿಯಿಲ್ಲದವು ಅಂಕೆಗೆ ಬಂದ ಮೇಲೆ ಹದಿನೈದು–ಹದಿನೆಂಟು ಮೀಟರಿಗೆ ಹೋಗಬೇಕು. ಕೋಲು ಯಾವ ಓರೆಯಲ್ಲಿ ನಿಂತಿದೆ ಎನ್ನುವುದಕ್ಕಿಂತ ಎಲ್ಲಿ ನೆಟ್ಟಿದೆ ಎನ್ನುವುದನ್ನೇ ನೋಡಬೇಕು. ಹುಲ್ಲಿನ ಮೆದೆ ಕೋಲನ್ನು ತನ್ನ ಪದರದ ದಿಕ್ಕಿಗೆ ತಿರುಗಿಸಿಬಿಡುತ್ತದೆ. ಒಂದು ಎಸೆತದಿಂದ ಏನನ್ನೂ ತೀರ್ಮಾನಿಸಬಾರದು, ಬಿಡುಗಡೆಯ ತಪ್ಪೂ ಇದೇ ಗುರುತನ್ನು ಬಿಡುತ್ತದೆ.

ಮೇಲು–ಕೆಳಗನ್ನು ಮೊದಲು ಸರಿಪಡಿಸಬೇಕು. ಬರಿಗೋಲು ಗರಿಬಾಣಕ್ಕಿಂತ ಮೇಲೆ ನೆಟ್ಟರೆ ಹೆದೆಯ ಮೇಲೆ ಬಾಣ ಕೂರುವ ಜಾಗವನ್ನು ಏರಿಸಬೇಕು, ಕೆಳಗೆ ನೆಟ್ಟರೆ ಇಳಿಸಬೇಕು. ಎಡ–ಬಲದ ಸರದಿ ಆಮೇಲೆ. ಕೋಲು ಬಿಗಿಯೆಂದು ತಿಳಿದರೆ ಅಲಗಿನ ತೂಕ ಏರಿಸಬಹುದು ಅಥವಾ ಕೋಲನ್ನು ಹೆರೆಯಬಹುದು. ಮೆದುವೆಂದು ತಿಳಿದರೆ ಅಲಗು ಹಗುರಾಗಬೇಕು ಅಥವಾ ಕೋಲು ಗಿಡ್ಡವಾಗಬೇಕು. ಕಡಿದದ್ದನ್ನು ಮತ್ತೆ ಕೂಡಿಸಲು ಬಾರದು, ಹಾಗಾಗಿ ಉದ್ದ ಕೋಲಿನಿಂದಲೇ ಆರಂಭಿಸಿ ಕೊಂಚ ಕೊಂಚವಾಗಿ ಕಡಿಯಬೇಕು.

6. ಎಡ–ಬಲದ ಓದು

ಪಾಶ್ಚಾತ್ಯ ಕೈಪಿಡಿಗಳಲ್ಲಿ ಬಲಗೈ ಬಿಲ್ಲುಗಾರನ ಬರಿಗೋಲು ಎಡಕ್ಕೆ ಹೋದರೆ ಬಿಗಿ, ಬಲಕ್ಕೆ ಹೋದರೆ ಮೆದು ಎಂದಿರುತ್ತದೆ. ಮೂರು ಬೆರಳಿನಿಂದ ಹೆದೆ ಎಳೆದು, ಬಾಣವನ್ನು ಬಿಲ್ಲಿನ ಎಡಕ್ಕೆ ಇಡುವ ರೂಢಿಗೆ ಇದು ಸರಿ. ನಮ್ಮ ಪರಂಪರೆಯಲ್ಲಿ ಹೆಬ್ಬೆರಳಿನ ಎಳೆತ ಇತ್ತೆಂಬುದಕ್ಕೆ ಮಹಾಭಾರತದ ಏಕಲವ್ಯನ ಪ್ರಸಂಗವೇ ಆಧಾರ. ಹೆಬ್ಬೆರಳು ಕೊಟ್ಟ ಮೇಲೆ ಅವನು ಉಳಿದ ಬೆರಳುಗಳಿಂದ ಎಳೆದ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ಮೂಲದಲ್ಲಿದೆ. ಧನುರ್ವೇದ ಹೆದೆ ಹಿಡಿಯುವ ಐದು ಮುಷ್ಟಿಗಳನ್ನು ಹೆಸರಿಸುತ್ತದೆ: ಪತಾಕ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ. ಹೆಬ್ಬೆರಳಿನಿಂದ ಎಳೆಯುವ ಬಲಗೈಯವನು ಸಾಮಾನ್ಯವಾಗಿ ಬಾಣವನ್ನು ಬಿಲ್ಲಿನ ಬಲಕ್ಕೆ ಇಡುತ್ತಾನೆ. ಆಗ ಓದು ತಿರುಗಾಮುರುಗಾ: ಬಲಕ್ಕೆ ಹೋದರೆ ಬಿಗಿ, ಎಡಕ್ಕೆ ಹೋದರೆ ಮೆದು. ಹೊರಗಿನ ಕೈಪಿಡಿಯನ್ನು ಹಾಗೆಯೇ ಅನುಸರಿಸಿದ ಸಂಶೋಧಕ ಮೆದುವಾದ ಕೋಲನ್ನು ಇನ್ನಷ್ಟು ಹೆರೆದು ಹಾಳುಮಾಡುತ್ತಾನೆ. ಆದ್ದರಿಂದ ಯಾವ ಮುಷ್ಟಿ, ಬಾಣ ಯಾವ ಬದಿ ಎಂಬೆರಡು ವಿವರಗಳಿಲ್ಲದ ಫಲಿತಾಂಶವನ್ನು ಪರಿಗಣಿಸಬಾರದು.

7. ಫಲಿತ ಮತ್ತು ಸಲಹೆ

ಈ ವಿಧಾನದಿಂದ ಪ್ರಾಚೀನ ಕೋಲಿನ ಬಿಗಿತ ಒಂದೇ ಅಂಕಿಯಾಗಿ ಸಿಗುವುದಿಲ್ಲ, ಒಂದು ವ್ಯಾಪ್ತಿಯಾಗಿ ಸಿಗುತ್ತದೆ. ಅಲಗಿನ ತೂಕವನ್ನು ವಸ್ತುಸಂಗ್ರಹಾಲಯದ ಮಾದರಿಗಳಿಂದ ತೆಗೆದುಕೊಂಡು, ತುಕ್ಕಿಗೆ ಹೋದ ಪಾಲನ್ನು ಅಂದಾಜಿಸಿ ಸೇರಿಸಬೇಕು. ಉದ್ದವನ್ನು ಗ್ರಂಥದ 80ರಿಂದ 85 ಸೆಂ.ಮೀ. ಮಿತಿಯಲ್ಲಿ ಇಟ್ಟು, ಬಿಲ್ಲಿನ ಬಲವನ್ನು 18, 23, 27 ಕಿಲೋ ಎಂದು ಮೂರು ಹಂತದಲ್ಲಿ ಬದಲಿಸಬೇಕು. ಪ್ರತಿ ಹಂತದಲ್ಲೂ ಗರಿಯಿಲ್ಲದೆ ನೇರ ಹೋಗುವ ಕೋಲುಗಳ ಬಿಗಿತವನ್ನು ದಾಖಲಿಸಿದರೆ, ಆ ವ್ಯಾಪ್ತಿಯ ಹೊರಗಿನ ಕೋಲುಗಳನ್ನು ಧೈರ್ಯವಾಗಿ ತಳ್ಳಿಹಾಕಬಹುದು. ಗರಿಬಾಣದ ಪ್ರಯೋಗ ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತದೆ. ತಪ್ಪನ್ನು ತಪ್ಪೆಂದು ತೋರಿಸುವ ಶಕ್ತಿ ಬರಿಗೋಲಿಗಿದೆ. ಸ್ತ್ರೀ, ಪುರುಷ, ನಪುಂಸಕ ಎಂಬ ಮೂರೂ ಬಗೆಯ ಕೋಲುಗಳನ್ನು ಇದೇ ರೀತಿ ಬಿಟ್ಟು ನೋಡಿದರೆ ಧನುರ್ವೇದದ ಆ ವಿಂಗಡಣೆ ಎಷ್ಟು ಅನುಭವದ ಮೇಲೆ ನಿಂತಿದೆ ಎಂಬುದೂ ಪರೀಕ್ಷೆಗೆ ಒಳಪಡುತ್ತದೆ.

ಇದಕ್ಕೆ ಬೇಕಾದ ಎಲ್ಲವೂ ಬೆಳಗಾವಿಯ ಆಸುಪಾಸಿನಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳು ಇಲ್ಲಿವೆ, ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯಿದೆ, ಬಿದಿರಿನ ಗುಣ ಬಲ್ಲ ಕುಶಲಕರ್ಮಿಗಳಿದ್ದಾರೆ. ಯಂತ್ರಶಾಸ್ತ್ರದವರು, ಶಾಸನತಜ್ಞರು, ಮೇದಾರರು ಒಂದೇ ಬಯಲಿನಲ್ಲಿ ಸೇರಿ ಕೆಲಸ ಮಾಡಬೇಕು. ಬಿದಿರಿನ ಜಾತಿ ಮತ್ತು ಪ್ರಾಯ, ಉದ್ದ, ಎರಡೂ ತುದಿಗಳ ವ್ಯಾಸ, ಎರಡು ಮಗ್ಗುಲಿನ ಬಾಗುವಿಕೆ, ತೂಕದ ನಡು, ಋತು ಮತ್ತು ತೇವಾಂಶ, ಹಿಡಿದ ಮುಷ್ಟಿ ಮತ್ತು ಬಾಣ ಇಟ್ಟ ಬದಿ: ಪ್ರತಿಕೃತಿಯ ಒಂದೊಂದು ಬಾಣಕ್ಕೂ ಈ ಏಳು ವಿವರಗಳು ಗರಿ ಕಟ್ಟುವ ಮೊದಲೇ ದಾಖಲಾಗಬೇಕು. ಹಾಗೆ ದಾಖಲಾದ ಬಾಣವನ್ನು ಮಾತ್ರ ಬೇರೊಬ್ಬ ಸಂಶೋಧಕ ಮತ್ತೆ ಮಾಡಿ ನೋಡಬಲ್ಲ, ಒಪ್ಪಬಲ್ಲ, ಅಲ್ಲಗಳೆಯಬಲ್ಲ.