ಗಾಳಿ ಎದ್ದಾಗ ಆರ್‌ವಿ: ಮೊದಲು ಚಪ್ಪರ, ಆಮೇಲೆ ಕೋಣೆ

ಅಮೆರಿಕದ ಸಂಚಾರಿ ಮನೆಗಳಾದ ಆರ್‌ವಿ ವಾಹನಗಳಿಗೆ ಬಿರುಗಾಳಿಯ ಭಯ ಸಣ್ಣದಲ್ಲ. ವಯೋಮಿಂಗ್‌ನ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಗಾಳಿಯ ರಭಸಕ್ಕೆ ಎತ್ತರದ ಹಗುರ ವಾಹನಗಳ ಸಂಚಾರವನ್ನೇ ತಡೆಯುವುದುಂಟು.

ನಿಂತ ವಾಹನದಲ್ಲಿ ಮೊದಲು ಪೆಟ್ಟು ತಿನ್ನುವುದು ಪಕ್ಕದ ಬಟ್ಟೆಯ ಚಪ್ಪರ, ಅಂದರೆ ಆನಿಂಗ್. ಗಾಳಿ ಕೆಳಗಿನಿಂದ ನುಗ್ಗಿ ಅದನ್ನು ಹಾಯಿಯಂತೆ ಉಬ್ಬಿಸುತ್ತದೆ. ತೋಳುಗಳು ಬಾಗಿ, ಕೆಲವೊಮ್ಮೆ ಇಡೀ ಚಪ್ಪರ ಛಾವಣಿಯ ಮೇಲಕ್ಕೇ ಮಗುಚುತ್ತದೆ. ಗಾಳಿಯ ವೇಗ ಗಂಟೆಗೆ 30 ಕಿ.ಮೀ. ಮುಟ್ಟುವ ಮುನ್ನವೇ ಸುತ್ತಿಡುವುದು ಲೇಸು. ಗಾಳಿಯನ್ನು ಗ್ರಹಿಸಿ ತಾನಾಗಿ ಮಡಚಿಕೊಳ್ಳುವ ಚಪ್ಪರಗಳೂ ಇವೆ. ಆದರೆ ಅವನ್ನು ನಂಬಿ ಹೊರಗೆ ಹೋಗುವುದು ಜಾಣತನವಲ್ಲ.

ಹೊರಚಾಚುವ ಕೋಣೆ, ಅಂದರೆ ಸ್ಲೈಡ್‌ಔಟ್, ಗಟ್ಟಿಯೇ. ದುರ್ಬಲವಾದುದು ಅದರ ನೆತ್ತಿಯ ಬಟ್ಟೆ ಹೊದಿಕೆ. ಅದು ಪಟಪಟನೆ ಬಡಿಯತೊಡಗಿದರೆ ಕೋಣೆಯನ್ನು ಒಳಸೇರಿಸಬೇಕು. ಬಟ್ಟೆ ಉಬ್ಬಿ ನಿಂತಿರುವಾಗಲೇ ಎಳೆದರೆ ಸುರುಳಿ ಸಿಕ್ಕಿಕೊಳ್ಳಬಹುದು; ಗಾಳಿ ತುಸು ತಗ್ಗುವವರೆಗೆ ಕಾಯಬೇಕು.