ಸುರುಳಿ ಹೊತ್ತ ಚಿಪ್ಪು



ಹೊರರೂಪವೊಂದನ್ನೇ ನಂಬಿ ಕುಲವನ್ನು ನಿರ್ಣಯಿಸಹೊರಟರೆ ವಿದ್ವಾಂಸರೂ ಎಡವುವುದುಂಟು. ಸ್ಪಿರಿಫರ್ ಸ್ಟ್ರೈಯೇಟಸ್ ಎಂಬ ಶಿಲೀಭೂತ ಚಿಪ್ಪಿನ ಚರಿತ್ರೆ ಇದಕ್ಕೆ ನಿದರ್ಶನ. ಇದು ಸುಮಾರು 33 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಬಾಳಿದ ಪ್ರಾಣಿ. ಇಂಗ್ಲೆಂಡಿನ ಡರ್ಬಿಷೈರಿನ ಅವಶೇಷಗಳನ್ನು 1793ರಲ್ಲಿ ವರ್ಣಿಸಿದ ವಿಲಿಯಂ ಮಾರ್ಟಿನನು ಇದಕ್ಕೆ ‘ಅನೋಮೈಟಿಸ್’ ಎಂಬ ಹೆಸರನ್ನು ಕೊಟ್ಟನು. ಲಿನೇಯಸನು ಕಪ್ಪೆಚಿಪ್ಪುಗಳ ನಡುವೆ ಎಣಿಸಿದ್ದ ‘ಅನೋಮಿಯ’ದ ನೆರಳು ಆ ಹೆಸರಿನಲ್ಲಿದೆ.

ಕಪ್ಪೆಚಿಪ್ಪಿನ ಎರಡು ದಳಗಳು ಪ್ರಾಣಿಯ ಎಡಬಲಗಳಲ್ಲಿದ್ದು, ಸಾಮಾನ್ಯವಾಗಿ ಒಂದು ಇನ್ನೊಂದರ ಪ್ರತಿಬಿಂಬದಂತಿರುತ್ತವೆ. ಇಲ್ಲಿಯಾದರೋ ಒಂದು ದಳ ಬೆನ್ನಿಗೆ, ಇನ್ನೊಂದು ಹೊಟ್ಟೆಗೆ. ಅವು ಒಂದಕ್ಕೊಂದು ಸಮವಲ್ಲ. ಪ್ರತಿಯೊಂದು ದಳದ ನಡುವೆ ಗೆರೆಯೆಳೆದರೆ ಮಾತ್ರ ಅದರ ಎಡಬಲಗಳು ಸರಿಹೊಂದುತ್ತವೆ. ಒಂದರ ಹಲ್ಲುಗಳು ಇನ್ನೊಂದರ ಕುಳಿಗಳಲ್ಲಿ ಕುಳಿತು ಕೀಲಾಗುತ್ತವೆ. ಒಳಗೆ ಸುಣ್ಣದ ಎಳೆ ಎರಡು ಪಕ್ಕಗಳಿಗೂ ಸುರುಳಿ ಸುತ್ತಿದೆ. ನೀರಿನಿಂದ ಆಹಾರವನ್ನು ಸೋಸುತ್ತಿದ್ದ ಮೃದುವಾದ ತೋಳುಗಳಿಗೆ ಅದೇ ಆಧಾರ. 1816ರಲ್ಲಿ ಜೇಮ್ಸ್ ಸೋವರ್ಬಿಯು ಆ ಸುರುಳಿಯನ್ನೇ ಲಕ್ಷಣವಾಗಿ ಹಿಡಿದು ‘ಸ್ಪಿರಿಫರ್’, ಎಂದರೆ ಸುರುಳಿ ಹೊತ್ತದ್ದು, ಎಂದು ಹೆಸರಿಟ್ಟನು.

ಆದರೂ ಬ್ರಾಕಿಯೊಪಾಡುಗಳೆಂಬ ಈ ಸಮೂಹವನ್ನು ಬಹುಕಾಲ ಮೃದ್ವಂಗಿಗಳಲ್ಲಿಯೇ ಎಣಿಸುತ್ತಿದ್ದರು. ಅಮೆರಿಕದ ಎಡ್ವರ್ಡ್ ಮೋರ್ಸನು ಇವು ಹುಳುಗಳ ಬಂಧುಗಳೆಂದು ವಾದಿಸಿ, ಜೀವಂತ ಬ್ರಾಕಿಯೊಪಾಡುಗಳನ್ನು ಅರಸಿ 1877ರಲ್ಲಿ ಜಪಾನಿಗೆ ಹೋದನು. ಆ ವಾದವೂ ನಿಲ್ಲಲಿಲ್ಲ. ಇಂದು ಇವುಗಳದು ಪ್ರತ್ಯೇಕ ವಂಶ. ಪ್ರಾಣಿಯ ಮೆದುಮೈ ಎಂದೋ ಕರಗಿಹೋಯಿತು. ಅದರ ತೋಳುಗಳ ಸಾಕ್ಷ್ಯವನ್ನು ಕಲ್ಲಾದ ಸುರುಳಿ ಮಾತ್ರ ಕಾಪಾಡಿಕೊಂಡು ಬಂದಿತು.