ಮಟ್ಟಿಯ ಮಣ್ಣು, ಜಟ್ಟಿಯ ಎಣ್ಣೆ

ಗರಡಿಮನೆಯ ಮಟ್ಟಿಯೆಂದರೆ ಬಿದ್ದವನಿಗೆ ಪೆಟ್ಟಾಗದಿರಲೆಂದು ಹಾಸಿದ ಮೆತ್ತನೆಯ ಮಣ್ಣು ಎಂದಷ್ಟೇ ಹೊರಗಿನವರು ತಿಳಿಯುತ್ತಾರೆ. ಅದು ಅರ್ಧ ನಿಜ. ಬಾಬುರಾಯನಕೊಪ್ಪಲಿನಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗಿನ ಸೀಮೆಯಲ್ಲಿ ನಾಡಕುಸ್ತಿ ನೋಡಿದವರಿಗೆ ಇನ್ನರ್ಧ ಗೊತ್ತು: ಪಟ್ಟಿಗೆ ಇಳಿಯುವ ಮೊದಲು ಪೈಲ್ವಾನ ಬಗ್ಗಿ ಒಂದು ಹಿಡಿ ಕೆಮ್ಮಣ್ಣು ತೆಗೆದು ಮೈಗೆ ಬಳಿದುಕೊಳ್ಳುತ್ತಾನೆ, ಎದುರಾಳಿಯ ಹೆಗಲಿಗೂ ಎರಚುತ್ತಾನೆ. ಬೆವರಿದ ಮೈ ಜಾರದಂತೆ, ಇಬ್ಬರ ಹಿಡಿತಕ್ಕೂ ಸಮನಾಗಿ ಸಿಗುವಂತೆ ಮಾಡುವ ಏರ್ಪಾಡು ಇದು. ಈ ಏರ್ಪಾಡು ಅರಿವಿಲ್ಲದೆ ಬಂದ ರೂಢಿಯಲ್ಲ, ಕಾದಾಟದ ಬಗೆಗೆ ತಕ್ಕಂತೆ ಜಾರಿಕೆಯನ್ನು ಹದಗೊಳಿಸಿದ ತಿಳಿವಳಿಕೆ ಎನ್ನುವುದಕ್ಕೆ ಶ್ರೀರಂಗಪಟ್ಟಣದ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ.

1780ರ ದಶಕದಲ್ಲಿ ಇಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ನೆನಪುಗಳು 1824ರಲ್ಲಿ ಅಚ್ಚಾದವು. ಟಿಪ್ಪುವಿನ ಮುಂದೆ ಜಟ್ಟಿಗಳು ಆಡುತ್ತಿದ್ದ ವಜ್ರಮುಷ್ಟಿ ಕಾಳಗವನ್ನು ಆತ ವಿವರಿಸಿದ್ದಾನೆ: ಬೋಳಿಸಿದ ತಲೆ, ಎಣ್ಣೆ ಹಚ್ಚಿದ ಮೈ, ಗಿಡ್ಡ ಚಡ್ಡಿ, ಬಲಗೈಯಲ್ಲಿ ಉಕ್ಕಿನ ಉಗುರು. ಮಟ್ಟಿಯಲ್ಲಿ ಆಗುವುದಕ್ಕೆ ಇದು ನೇರ ತದ್ವಿರುದ್ಧ. ಎಣ್ಣೆ ಅಂಗಸಾಧನೆಯ ಮಾಲೀಸಿನದಷ್ಟೇ ಇರಬಾರದೇಕೆ ಎಂದು ಕೇಳಬಹುದು. ಎಣ್ಣೆಯೊಂದೇ ಇದ್ದಿದ್ದರೆ ಹಾಗೆನ್ನಬಹುದಿತ್ತು. ಆದರೆ ಕೂದಲಿಲ್ಲದ ತಲೆ, ಎಳೆಯಲು ಬಟ್ಟೆಯಿಲ್ಲದ ಮೈ, ಮೇಲೆ ಎಣ್ಣೆ: ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತವೆ. ಉಗುರಿನ ಪೆಟ್ಟು ಬೀಳುವಲ್ಲಿ ಎದುರಾಳಿಯ ಕೈಗೆ ಸಿಕ್ಕಿಬೀಳದಿರುವುದೂ ಮುಖ್ಯ. ಕುಸ್ತಿಯಲ್ಲಿ ಚಿತ್ ಮಾಡಬೇಕಾದರೆ ಹಿಡಿಯಲೇಬೇಕು, ಅದಕ್ಕೇ ಮಣ್ಣು.

ಹಾಗಾದರೆ ಮಟ್ಟಿಗೇ ಎಣ್ಣೆ, ತುಪ್ಪ ಬೆರೆಸುವುದೇಕೆ? ಇದು ಗಟ್ಟಿಯಾದ ಆಕ್ಷೇಪ. ಉತ್ತರ ಪ್ರಮಾಣದಲ್ಲಿದೆ. ಚರ್ಮದ ಮೇಲೆ ಎಣ್ಣೆ ಬಿರುಕಿಲ್ಲದ ಪದರವಾಗಿ ನಿಂತರೆ ಜಾರಿಸುತ್ತದೆ. ಜರಡಿ ಹಿಡಿದ ಮಣ್ಣಿನಲ್ಲಿ ಹರಡಿದರೆ ಅದೇ ಎಣ್ಣೆ ಕಣಕ್ಕೆ ಕಣವನ್ನು ತುಸು ಅಂಟಿಸಿ, ಧೂಳು ಏಳದಂತೆ, ಮಣ್ಣು ಗಟ್ಟಿಯಾಗದಂತೆ ಕಾಯುತ್ತದೆ. ಮೈಗೆ ಬಳಿದಾಗ ಸಣ್ಣ ಕಣಗಳು ಬೆವರು ಹೀರಿ, ಎರಡು ಚರ್ಮಗಳ ನಡುವಿನ ನೀರಪದರವನ್ನು ಒಡೆಯುತ್ತವೆ, ಒರಟು ಕಣಗಳು ಕಚ್ಚಿ ಹಿಡಿಯುತ್ತವೆ. ಮಣ್ಣು ಅತಿಯಾಗಿ ಒಣಗಿ ದಪ್ಪನಾಗಿ ಕೂತರೆ ಕಣಗಳೇ ಉರುಳಿ, ಬೇರಿಂಗಿನ ಗುಂಡುಗಳಂತೆ ಮತ್ತೆ ಜಾರಿಸುತ್ತವೆ. ನೀರು ಹೆಚ್ಚಾದರಂತೂ ಕೆಸರು. ಮಟ್ಟಿಗೆ ಬೆರೆಸುವ ಅರಿಶಿನ, ಕರ್ಪೂರ, ನಿಂಬೆಹಣ್ಣು, ಬೇವು ಗಾಯಕ್ಕೂ ಪೂಜೆಗೂ ಸೇರುವಂಥವು. ಮಟ್ಟಿಗೆ ಕೈಮುಗಿಯುವ ಭಕ್ತಿ ಸುಳ್ಳಲ್ಲ, ಆದರೆ ಭಕ್ತಿಯಿದ್ದ ಮಾತ್ರಕ್ಕೆ ಲೆಕ್ಕಾಚಾರ ಇಲ್ಲವೆನ್ನುವುದು ಸರಿಯಲ್ಲ. ಹಿಡಿತಕ್ಕಾಗಿ ಮೈಗೆ ಮಣ್ಣು ಬಳಿಯುವ ದಾರಿಯನ್ನು ಗ್ರೀಕರೂ ಹಿಡಿದಿದ್ದರು. ಧೂಳು ಎರಚುವುದು ಹಿಡಿತ ಭದ್ರವಾಗಲೆಂದು ಎಂಬ ವಿವರಣೆ ಎರಡನೆಯ ಶತಮಾನದ ಲೂಸಿಯನ್‌ನ ಸಂವಾದವೊಂದರಲ್ಲಿದೆ. ಗ್ರೀಕ್ ಲೇಖಕ ಫಿಲೋಸ್ಟ್ರಾಟಸ್ ಅಂತೂ ಕುಸ್ತಿಪಟುಗಳ ಧೂಳನ್ನೇ ಬಗೆಬಗೆಯಾಗಿ ವಿಂಗಡಿಸಿಟ್ಟಿದ್ದಾನೆ.

ಇಂದು ಮೈಸೂರು ದಸರಾದಲ್ಲಿ ಮಟ್ಟಿ ಕುಸ್ತಿಯ ಜೊತೆಗೆ ಮ್ಯಾಟ್ ಕುಸ್ತಿಯೂ ನಡೆಯುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮೈಗೆ ಜಿಡ್ಡು ಹಚ್ಚುವಂತಿಲ್ಲ, ಬೆವರಿಳಿಸಿಕೊಂಡು ಮ್ಯಾಟಿಗೆ ಬರುವಂತೆಯೂ ಇಲ್ಲ. ಮಣ್ಣು ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಮ್ಯಾಟಿನ ಹೊದಿಕೆಯೂ ಬೂಟಿನ ಅಟ್ಟೆಯೂ ವಹಿಸಿಕೊಂಡಿವೆ, ಉಳಿದದ್ದು ಒರೆಸುವ ಬಟ್ಟೆಯ ಪಾಲಿಗೆ.